ಗೂಳಿಗೆ ಸಿಕ್ಕ ಸರಕು

ಈ ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸುವುದಕ್ಕಿಂತ ಕೂದಲು ಸೀಳುವುದೇ ಹೆಚ್ಚು ಎಂದು ಗೋಡೆಯ ಹೆಂಡತಿ ಗೊಣಗುತ್ತಿದ್ದಳು. ಗೋಡೆ ಎಂಬುದು ಕ್ಷೌರಿಕನಿಗೆ ಬಾಕ್ಸಿಂಗ್ ಆಡುತ್ತಿದ್ದ ಕಾಲದಲ್ಲಿ ಬಿದ್ದ ಹೆಸರು; ಎಷ್ಟು ಗುದ್ದಿದರೂ ನಿಂತೇ ಇರುತ್ತಿದ್ದ. ಈಗ ಹೊಟ್ಟೆ ಬಂದಿದೆ, ಮೂಗು ಒಂದು ಪಕ್ಕಕ್ಕೆ ವಾಲಿದೆ, ಹೆಸರು ಮಾತ್ರ ನೆಟ್ಟಗಿದೆ.

ಅಂಗಡಿಯ ಜಗಳ ಒಂದೇ. ಹೆವಿವೇಟ್ ಚಾಂಪಿಯನ್ನರಲ್ಲಿ ಎಡಗೈ ಎಂದು ಹೆಸರಾದವನು ದೊಡ್ಡವನೋ, ಅವನ ನಂತರ ಪಟ್ಟಕ್ಕೆ ಬಂದ ಗೂಳಿ ಎಂಬವನು ದೊಡ್ಡವನೋ? ಪೋಸ್ಟ್‌ಮ್ಯಾನ್ ಎಡಗೈಯ ಕಡೆ. ಬಸ್ಸಿನ ಡ್ರೈವರ್ ಆಗಿದ್ದ ಗೋಡೆಯ ಭಾಮೈದ ಗೂಳಿಯ ಕಡೆ. ಎಷ್ಟು ಜನರನ್ನು ಗೆದ್ದರು ಅನ್ನುವುದಲ್ಲ, ಎಂಥವರನ್ನು ಗೆದ್ದರು ಅನ್ನುವುದೇ ಮುಖ್ಯ ಎಂಬ ಒಂದು ಮಾತಿನಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಹಾಗಾಗಿ ಎದುರಾಳಿಗಳನ್ನೆಲ್ಲ ತರಕಾರಿಯಂತೆ ಒತ್ತಿ, ತಟ್ಟಿ ನೋಡುತ್ತಿದ್ದರು. ಇವನು ಗಟ್ಟಿ ಸರಕು, ಅವನು ಕೊಳೆತ ಸರಕು.

ತೊಂದರೆಯೆಂದರೆ, ಇಬ್ಬರು ಚಾಂಪಿಯನ್ನರ ಕೈಲೂ ಸೋತವನು ಒಬ್ಬನೇ. ಅವನು ಇವರ ತಲೆಯ ಮೇಲೆಯೇ ಕತ್ತರಿ ಆಡಿಸುತ್ತಿದ್ದ. ಎಡಗೈ ಹತ್ತು ಸುತ್ತು ಹೆಣಗಿ ಗೋಡೆಯನ್ನು ಪಾಯಿಂಟಿನ ಮೇಲೆ ಗೆದ್ದಿದ್ದ. ಕೆಲವು ವರ್ಷ ಕಳೆದು ಗೂಳಿ ಅದೇ ಗೋಡೆಯನ್ನು ಎರಡನೇ ಸುತ್ತಿನಲ್ಲೇ ಮಲಗಿಸಿದ. ಅಂದಮೇಲೆ ಗೂಳಿಯೇ ದೊಡ್ಡವನಲ್ಲವೇ ಎಂದು ಭಾಮೈದ ಕೇಳುತ್ತಿದ್ದ. ಅಷ್ಟು ಹೊತ್ತಿಗೆ ಗೋಡೆಯ ಗಾರೆಯೆಲ್ಲ ಉದುರಿತ್ತು, ಅದನ್ನು ಬೀಳಿಸುವುದೂ ಒಂದು ಸಾಹಸವೇ ಎಂದು ಪೋಸ್ಟ್‌ಮ್ಯಾನ್ ಮೂಗು ಮುರಿಯುತ್ತಿದ್ದ.

ಗೋಡೆಯನ್ನು ಕೇಳಿದರೆ ಪ್ರತಿಸಲವೂ ಒಂದೇ ಉತ್ತರ, ಗೂಳಿ. ಭಾಮೈದ ಬೀಗುತ್ತಿದ್ದ. ಆದರೆ ಗೋಡೆ ಹಾಗೆನ್ನುತ್ತಿದ್ದುದು ಭಾಮೈದನ ಮುಖ ನೋಡಿ ಅಲ್ಲ. ಗೂಳಿ ದೊಡ್ಡವನಾದಷ್ಟೂ ತಾನು ಬಿದ್ದ ಅವಮಾನ ಸಣ್ಣದಾಗುತ್ತಿತ್ತು. ಸಾವಿರಾರು ಜನರ ಎದುರು ನೆಲ ಕಚ್ಚಿದವನಿಗೆ ಹೊಡೆದವನಾದರೂ ಎಣೆಯಿಲ್ಲದವನಾಗಿರಬೇಕು. ಇಲ್ಲದಿದ್ದರೆ ತಾನು ಆ ದಿನ ಬರೀ ಕೊಳೆತ ಸರಕು. ಅದನ್ನು ಒಪ್ಪಿಕೊಳ್ಳುವ ಧೈರ್ಯ ಗೋಡೆಗೆ ಇಷ್ಟು ವರ್ಷವೂ ಬಂದಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಗೂಳಿಯ ಸಂದರ್ಶನ ಬಂತು. ಭಾಮೈದ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿದ್ದ. ಒಂದು ಕೆನ್ನೆ ಮುಗಿದಿತ್ತು. ಪೋಸ್ಟ್‌ಮ್ಯಾನ್ ಸರದಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದ. ಗೂಳಿ ತನ್ನ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಹೊಗಳಿದ. ಸಂದರ್ಶಕ ಗೋಡೆಯ ಹೆಸರೆತ್ತಿದಾಗ ಗೂಳಿ ನಕ್ಕುಬಿಟ್ಟ. ಅದನ್ನೊಂದು ಗೆಲುವು ಅಂತ ಸೇರಿಸಬೇಡಿ, ಪಾಪ, ಆ ಮನುಷ್ಯನ ಕಾಲು ಆಗಲೇ ಹೋಗಿತ್ತು, ಅದಕ್ಕೇ ನಮ್ಮ ಮ್ಯಾನೇಜರು ಅವನನ್ನು ಹುಡುಕಿ ತಂದಿದ್ದು ಎಂದ.

ಕ್ಷೌರದ ಕತ್ತಿ ಭಾಮೈದನ ಗಂಟಲ ಹತ್ತಿರ ನಿಂತುಬಿಟ್ಟಿತು. ವಾದದಲ್ಲಿ ಗೆದ್ದವನು ಪೋಸ್ಟ್‌ಮ್ಯಾನ್; ಇಷ್ಟು ವರ್ಷ ತಾನು ಹೇಳಿದ್ದನ್ನೇ ಗೂಳಿಯ ಬಾಯಲ್ಲಿ ಕೇಳಿದ್ದ. ಆದರೂ ಮುಖ ಹುಳ್ಳಗೆ ಮಾಡಿಕೊಂಡು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಗೋಡೆಗೆ ಭೂಮಿ ಬಾಯ್ಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು.

ಗೋಡೆಯ ಕತ್ತಿ ಹಿಡಿದ ಕೈಯನ್ನು ಭಾಮೈದ ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಭಾವ, ಎಡಗೈನೇ ದೊಡ್ಡವನು. ನಾನು ಸುಮ್ನೆ ಹಟಕ್ಕೆ ಬಿದ್ದಿದ್ದೆ. ನಿಮ್ಮನ್ನ ಗೆಲ್ಲೋಕೆ ಅವನಿಗೆ ಪೂರ್ತಿ ಹತ್ತು ಸುತ್ತು ಬೇಕಾಯ್ತು."

ಪೋಸ್ಟ್‌ಮ್ಯಾನ್ ತಟಕ್ಕನೆ ತಲೆಯೆತ್ತಿದ. ಹಾಗೇನಿಲ್ಲ, ಗೂಳಿಯೇ ದೊಡ್ಡವನು, ಅವನ ಗುದ್ದಿಗೆ ಎಂಥವನೂ ನಿಲ್ಲುತ್ತಿರಲಿಲ್ಲ, ಈಗ ವಯಸ್ಸಾಗಿ ಬಾಯಿಗೆ ಬಂದದ್ದು ಒದರುತ್ತಿದ್ದಾನೆ ಅಷ್ಟೆ ಎಂದ. ಜಗಳ ಶುರುವಾಯಿತು. ಆದರೆ ಇಬ್ಬರಿಗೂ ಹೊಸ ಪಕ್ಷದ ರೂಢಿಯಿಲ್ಲ. ಎಡಗೈ ಸೋಲಿಸಿದವರ ಹೆಸರು ಭಾಮೈದನಿಗೆ ಮರೆತರೆ ಪೋಸ್ಟ್‌ಮ್ಯಾನೇ ನೆನಪಿಸಿಕೊಡುವನು. ಕೊಟ್ಟು, ಅವರೆಲ್ಲ ಕೊಳೆತ ಸರಕು ಎಂದು ಬೈಯುವನು.

ಗೋಡೆಗೆ ನಗು ಬಂತು. ಮದುಮಗನಾಗಿ ಕೂತ ದಿನವೂ ಗೂಳಿಯನ್ನು ಬಿಟ್ಟುಕೊಡದ ಭಾಮೈದ, ಜ್ವರದಲ್ಲಿ ಮಲಗಿದ್ದಾಗಲೂ ಎಡಗೈಯನ್ನು ಬಿಟ್ಟುಕೊಡದ ಪೋಸ್ಟ್‌ಮ್ಯಾನ್, ಇಬ್ಬರೂ ತಮ್ಮ ತಮ್ಮ ಚಾಂಪಿಯನ್ನನ್ನು ತನಗಾಗಿ ಕೈಬಿಟ್ಟಿದ್ದರು. ಇವರ ಎದುರು ಇನ್ನೂ ಹಳೆಯ ಸುಳ್ಳನ್ನೇ ಕಟ್ಟಿಕೊಂಡು ಕೂರುವುದು ಸರಿಯೆನಿಸಲಿಲ್ಲ. ರೇಡಿಯೋ ಆರಿಸಿದ.

"ಇಬ್ಬರೂ ಬಾಯಿ ಮುಚ್ಚಿ. ಎಡಗೈ ನನ್ನನ್ನ ಸೋಲಿಸಿದ. ಗೂಳಿ ಕೈಗೆ ಸಿಗೋ ಹೊತ್ತಿಗೆ ನಾನು ಸೋತಾಗಿತ್ತು. ಕಾಲು ಹೋಗಿದ್ದು ನನಗೂ ಗೊತ್ತಿತ್ತು. ಗೊತ್ತಿದ್ದೇ ರಿಂಗ್ ಹತ್ತಿದೆ. ನಿಲ್ಲೋದು ಬಿಟ್ಟರೆ ನನಗೆ ಬೇರೇನೂ ಬರ್ತಿರಲಿಲ್ಲ."

ಆಮೇಲೆ ಪೋಸ್ಟ್‌ಮ್ಯಾನ್ ಅಳುಕುತ್ತ, "ಹಾಗಾದ್ರೆ ಗೆದ್ದಿದ್ದು ನಾನೇ ಅಲ್ವಾ?" ಎಂದ.

"ನೀವೀಗ ಗೂಳಿ ಕಡೆ, ಅಣ್ಣ," ಎಂದ ಭಾಮೈದ. "ಗೆದ್ದಿದ್ದು ನಾನು."

"ಮಾತಾಡ್ಬೇಡ, ಗಂಟಲ ಹತ್ರ ಇದೀನಿ," ಎಂದು ಗೋಡೆ ಅವನ ಗದ್ದ ಎತ್ತಿ ಹಿಡಿದು, ಗದ್ದದ ಕೆಳಗೆ ಕತ್ತಿ ಹಚ್ಚಿದ.