ದೋನಾ ಎರ್ಮೀನಿಯಾಳ ಬಿಳಿ ಹೂ

ಗುಲಾಮರ ಬಿಡುಗಡೆಗಾಗಿ ನನ್ನ ಒಡತಿ ದೋನಾ ಎರ್ಮೀನಿಯಾ ಪಡುತ್ತಿದ್ದ ಕಷ್ಟ ಅಷ್ಟಿಷ್ಟಲ್ಲ. ಆ ವರ್ಷ ರಿಯೋದಲ್ಲಿ ಬಿಡುಗಡೆಯ ಪರ ಇದ್ದವರೆಲ್ಲ ಎದೆಯ ಮೇಲೆ ಬಿಳಿ ಕಮೀಲಿಯಾ ಹೂ ಸಿಕ್ಕಿಸಿಕೊಳ್ಳುತ್ತಿದ್ದರು. ಅವಳ ಹೂ ಕೊಯ್ದು, ತೊಟ್ಟಿಗೆ ದಾರ ಸುತ್ತಿ, ಸಂಜೆ ಸಿಕ್ಕಿಸುತ್ತಿದ್ದವಳು ಅವಳದೇ ಮನೆಯ ಗುಲಾಮಳಾದ ನಾನು, ಕೆರುಬೀನಾ. ಒಮ್ಮೆ ಸೂಜಿ ಚುಚ್ಚಿತೆಂದು ನನ್ನ ಕೆನ್ನೆಗೆ ಬಿಗಿದು, ಅದೇ ಹೂ ಧರಿಸಿ, ಗುಲಾಮರ ಗೋಳಿಗೆ ಕಣ್ಣೀರಿಡಲು ಸಭೆಗೆ ಹೋಗಿದ್ದಳು.

ಅವಳ ಗೆಳತಿಯರು ನಾಟಕಶಾಲೆಯ ವೇದಿಕೆಯಲ್ಲಿ ಒಬ್ಬೊಬ್ಬ ಗುಲಾಮನನ್ನು ಬಿಡುಗಡೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದರು. ಇವಳು ಹಿಂದೆ ಬೀಳುವುದುಂಟೇ? ಈ ಭಾನುವಾರ ನನ್ನ ಸರದಿ.

"ಬಿಡುಗಡೆ ಪತ್ರ ಕೊಟ್ಟ ತಕ್ಷಣ ಮಂಡಿಯೂರಿ ನನ್ನ ಕೈಗೆ ಮುತ್ತಿಡು," ಎಂದಳು, ತಲೆ ಬಾಚಿಸಿಕೊಳ್ಳುತ್ತ. "ಸ್ವಲ್ಪ ಅಳು. ಜಾಸ್ತಿ ಬೇಡ, ರೇಷ್ಮೆ ಒದ್ದೆಯಾಗುತ್ತೆ."

"ಆಮೇಲೆ ಕೊಲ್ಲಿಯಾಚೆ ನಿತೆರೋಯ್‌ಗೆ ಹೋಗ್ಲಾ ಅಮ್ಮಾವ್ರೇ? ಮಗಳು ಜೆಫೆರೀನಾಗೆ ದಿನ ತುಂಬಿದೆ. ಚೊಚ್ಚಲು. ಜೊತೆಗೆ ಯಾರೂ ಇಲ್ಲ."

"ಹೋಗೋದಾ? ನಾನು ಬದುಕಿರೋವರೆಗೂ ನನ್ನ ಸೇವೆ ಮಾಡ್ಬೇಕು ಅಂತ ಷರತ್ತು ಬರೆಸಿದೀನಲ್ಲ. ನೀನಿಲ್ದೆ ನನ್ನ ತಲೆ ಯಾರೇ ಬಾಚ್ತಾರೆ, ಹುಚ್ಚಿ!"

ಅಡುಗೆಮನೆಗೆ ಬಂದು ಇದನ್ನು ಹೇಳಿದಾಗ ಅಡುಗೆಯ ತೊಮಾಸಿಯಾ ಬಿದ್ದುಬಿದ್ದು ನಕ್ಕಳು. "ಒಡತಿ ಇಷ್ಟು ಬೇಗ ಸಾಯೋಳಲ್ಲ, ಬೆಳಿಗ್ಗೆ ತಾನೆ ಎರಡು ತಟ್ಟೆ ಹಂದಿಮಾಂಸ ಅರಗಿಸ್ಕೊಂಡಿದಾಳೆ. ಹೆರಿಗೆಗೆ ಆಗ್ದಿದ್ರೆ ಮೊಮ್ಮಗುವಿನ ಮದುವೆಗೆ ಹೋಗುವಿಯಂತೆ ಬಿಡೇ!"

ನನಗೂ ನಗು ಬಂತು. ಆದರೆ ಜೆಫೆರೀನಾ ಹುಟ್ಟಿದಾಗ ನಾನು ಒಂಟಿಯಾಗಿ ಸೌದೆಮನೆಯಲ್ಲಿ ಹಲ್ಲು ಕಚ್ಚಿ ಮಲಗಿದ್ದು ನೆನಪಾಗಿ ನಗು ನಿಂತುಹೋಯಿತು.

ನಾಟಕಶಾಲೆ ಕಿಕ್ಕಿರಿದಿತ್ತು. "ಇಂದಿನಿಂದ ಈ ಹೆಂಗಸು ಸ್ವತಂತ್ರಳು!" ಎಂದು ಭಾಷಣಕಾರ ಕೂಗಿದ. ಎರಚಲೆಂದು ಬೆಳಿಗ್ಗೆ ದೋನಾ ನನ್ನಿಂದಲೇ ದಾರ ಸುತ್ತಿಸಿದ್ದ ಕಮೀಲಿಯಾಗಳು ಸುರಿದವು. ಅವಳು ಮುತ್ತಿಗಾಗಿ ಕೈ ಚಾಚಿದಳು. ಒಂದೇ ಸಮನೆ ಮಡಚಿ ಅಭ್ಯಾಸವಾಗಿದ್ದ ನನ್ನ ಮಂಡಿಗಳಿಗೆ ಅವತ್ತು ಅದೇನಾಯಿತೋ, ಮಡಚಲಿಲ್ಲ.

"ಹಾಗಾದ್ರೆ ಇವತ್ತೇ ಮಗಳ ಹತ್ರ ಹೋಗ್ಲಾ ಅಮ್ಮಾವ್ರೇ?" ಕೊನೆಯ ಸಾಲಿಗೂ ಕೇಳುವಂತೆ ಕೇಳಿದೆ. "ನೀವು ಸಾಯೋವರೆಗೂ ಹೋಗ್ಬಾರ್ದು ಅಂತ ಅದ್ರಲ್ಲಿ ಬರೆಸಿದೀರಂತಲ್ಲ?"

"ಓದ್ರಯ್ಯಾ ಅದನ್ನ!" ಮೇಲಿನ ಅಗ್ಗದ ಸೀಟಿನಿಂದ ಯಾರೋ ಕೂಗಿದರು.

ಭಾಷಣಕಾರ ಆ ಷರತ್ತನ್ನು ಗಟ್ಟಿಯಾಗಿ ಓದಿದ. ಮೇಲಿನಿಂದ ಶಿಳ್ಳೆ, ನಗು. "ಅಮ್ಮಾವ್ರು ಯಾವಾಗ ಸಾಯ್ತಾರಂತೆ?"

"ಛೆ, ಛೆ! ಬರೆದವನ ತಪ್ಪು," ಎಂದಳು ದೋನಾ. ತುಟಿಯ ಮೇಲೆ ನಗು ಗುಂಡುಸೂಜಿ ಚುಚ್ಚಿ ನಿಲ್ಲಿಸಿದಂತಿತ್ತು. ಭಾಷಣಕಾರ ಲೇಖನಿ ನೀಡಿದ. ಅವಳು ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕಿದಳು. ಎಂಥ ಚಪ್ಪಾಳೆ! ಕೊನೆಗೂ ಅವಳ ಆಸೆ ಈಡೇರಿತು.

"ಕೆರುಬೀನಾ, ನನ್ನ ಶಾಲು!" ಹಿಂದಿನಿಂದ ಪಿಸುಗುಟ್ಟಿದಳು. ಶಾಲು ಇನ್ನೂ ನನ್ನ ತೋಳಿನ ಮೇಲಿತ್ತು. ಪತ್ರ ಕೈಗೆತ್ತಿಕೊಂಡು, ಶಾಲನ್ನು ನಾಟಕಶಾಲೆಯ ಮುಂಬಾಗಿಲಿನ ಕಂಬಿಗೆ ನೇತುಹಾಕಿ ಹೊರಟೆ.

ಕೊಲ್ಲಿ ದಾಟುವ ದೋಣಿಯಲ್ಲಿ ಕೂತಾಗ, ತಲೆಗೆ ಸಿಕ್ಕಿಕೊಂಡಿದ್ದ ಕಮೀಲಿಯಾ ಒಂದು ಮಡಿಲಿಗೆ ಬಿತ್ತು. ತೊಟ್ಟಿನಲ್ಲಿ ಬೆಳಿಗ್ಗೆ ನಾನೇ ಸುತ್ತಿದ ದಾರ. ದಾರ ಬಿಚ್ಚಿಕೊಂಡು ಹೂವನ್ನು ನೀರಿಗೆ ಎಸೆದೆ. ಮಗುವಿನ ಹೊಕ್ಕುಳಬಳ್ಳಿ ಕಟ್ಟಲು ದಾರ ಬೇಕಾಗುತ್ತದೆ.