ಕವೆಮುಳ್ಳು

ರಾತ್ರಿ ಎಲ್ಲರೂ ಮಲಗಿದ ಮೇಲೆ ನಡುಮನೆಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಟಿಕ್. ಸ್ಟೀಲ್ ತಟ್ಟೆಯ ಅಂಚಿಗೆ ಮೀನಿನ ಮುಳ್ಳು ಇಟ್ಟರೆ ಬರುವಂಥದ್ದು. ಹಲ್ಲಿ ಇರಬಹುದು ಎಂದುಕೊಳ್ಳುತ್ತಿದ್ದೆ. ಎದ್ದು ನೋಡಲು ಹೋಗುತ್ತಿರಲಿಲ್ಲ.

ನಡುಮನೆಯಲ್ಲಿ ರಾತ್ರಿಯಿಡೀ ಇರುತ್ತಿದ್ದ ತಟ್ಟೆ ನನ್ನ ಗಂಡ ಮನೋಹರನದು. ಎರಡು ವರ್ಷದ ಹಿಂದೆ ಒಂದು ಭಾನುವಾರ ಗೊರೂರಿನ ಹಿನ್ನೀರಿಗೆ ಬಲೆ ಬಿಡಲು ಹೋದವನು ಬರಲಿಲ್ಲ. ತೆಪ್ಪ ಮಾತ್ರ ದಡಕ್ಕೆ ಬಂತು. ಹೆಣ ಸಿಗಲಿಲ್ಲ, ಹಾಗಾಗಿ ಅತ್ತೆ ಮಾರಮ್ಮನ ಪಾಲಿಗೆ ಮಗ ಸತ್ತಿರಲಿಲ್ಲ. ದಿನವೂ ಅವನ ತಟ್ಟೆಗೆ ಬಡಿಸಿ ಮುಚ್ಚಿಟ್ಟು, ಬೀದಿಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿದ್ದರು. ನಾನು ಮಗಳನ್ನು ಗೋಡೆಯ ಕಡೆ ಮಲಗಿಸಿ, ಆ ಬಾಗಿಲನ್ನೇ ನೋಡುತ್ತಾ ಬೆಳಗು ಮಾಡುತ್ತಿದ್ದೆ.

ಈ ಸಲದ ಮಹಾಲಯ ಅಮಾವಾಸ್ಯೆಗೆ ಅತ್ತೆ ತಾವಾಗಿಯೇ ಮಾತು ತೆಗೆದರು. "ಅವನಿಗೂ ಎಡೆ ಮಡಗುವಾ ಕಣವ್ವಾ. ಉಂಡು ಓದ ಅಂತ ಗೊತ್ತಾದ್ರೆ ಬಾಗ್ಲಿಗೆ ಅಗ್ಳಿ ಆಕ್ತೀನಿ. ಆದ್ರೆ ಈ ನೀರಿನ ಮೀನು ಬ್ಯಾಡ."

ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಮನೋಹರನಿಗೆ ಮೀನಿನಷ್ಟು ಬೇರೇನೂ ಹಿಡಿಸುತ್ತಿರಲಿಲ್ಲ. ಆದರೆ ಅವನನ್ನು ನುಂಗಿದ ನೀರಿನ ಮೀನು ಅಂದಿನಿಂದ ನಮ್ಮ ಹೊಸಿಲು ದಾಟಿಲ್ಲ. ಗೊರೂರಿನಲ್ಲಿ ಸಿಗುವುದೆಲ್ಲ ಹಿನ್ನೀರಿನ ಕಾಟ್ಲಾ. ಸಮುದ್ರದ ಮೀನಿಗಾಗಿ ನಾನು ಹಾಸನದ ಬಸ್ಸು ಹತ್ತಿದೆ.

ಮಾರ್ಕೆಟ್ಟಿನಲ್ಲಿ ಹಬ್ಬದ ನೂಕು. ಕೆಂಪಣ್ಣನ ಅಂಗಡಿಯಲ್ಲಿ ಒಂದು ಕಡೆ ಐಸಿನ ಮೇಲೆ ಮಂಗಳೂರಿನ ಬಂಗುಡೆ, ಇನ್ನೊಂದು ಕಡೆ ಟಬ್ಬಿನಲ್ಲಿ ಕಾಟ್ಲಾ. ಒಂದಕ್ಕೆ ಇನ್ನೂ ಜೀವವಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು. ನಾನು ಆ ಕಡೆಗೆ ಬೆನ್ನು ಮಾಡಿ ಬಂಗುಡೆಯ ಕಿವಿರು ಬಿಡಿಸಿ ನೋಡಿದೆ. ಕೆಂಪಗಿತ್ತು. ಬೆರಳಲ್ಲಿ ಒತ್ತಿದೆ. ಗುಳಿ ಬೀಳಲಿಲ್ಲ.

"ಯಾವೂರಕ್ಕಾ?" ಎಂದ ಕೆಂಪಣ್ಣ.

"ಗೊರೂರು."

"ಡ್ಯಾಮ್ ಪಕ್ಕದಲ್ಲಿದ್ಕಂಡು ಐಸ್ ಮೀನಿಗೆ ಇಲ್ಲೀಗಂಟ ಬಂದ್ರಾ? ಬಾವಿಕಟ್ಟೆ ಮ್ಯಾಲೆ ಕುಂತು ಬಾಟ್ಲಿ ನೀರು ಕುಡ್ದಂಗಾಯ್ತು."

"ಕತ್ತಿ, ಮರದ ದಿಮ್ಮಿ ಎರಡನ್ನೂ ತೊಳೆದು ಹೊಟ್ಟೆ ತೆಗೆಯಿರಿ. ತುಂಡು ಮಾಡಬೇಡಿ, ಇಡೀದೇ ಇರಲಿ."

"ಮೀನು ಕುಯ್ದ ಕತ್ತೀನ ಮೀನಿಗೋಸ್ಕರ ತೊಳಿಬೇಕಾ? ಇದ್ಯಾವ ಮಡಿ ಅಕ್ಕಾ?"

ನನ್ನ ಹಿಂದೆ ನಿಂತಿದ್ದ ಮುದುಕಿ ಗದರಿಸಿದಳು. "ತೊಳ್ದು ಕೊಡ್ಲಾ. ನಿನ್ನ ಕತ್ತಿ ಏನ್ ನೀರು ಕಂಡ್ರೆ ಕರಗೋಯ್ತದಾ?"

ಅವನು ನಗುತ್ತಾ ತೊಳೆದ. ನಾನು ಕಣ್ಣು ತೆಗೆಯದೆ ನೋಡಿದೆ. ಚೀಲಕ್ಕೆ ಬಂಗುಡೆ ಬಿಟ್ಟು ಬೇರೇನೂ ಬೀಳಲಿಲ್ಲ. ಮನೆಯಲ್ಲೂ ಒಂದೊಂದನ್ನೇ ನಲ್ಲಿಯ ಕೆಳಗೆ ತಿರುಗಿಸಿ ತೊಳೆದೆ.

ಕತ್ತಲಾಗುವ ಹೊತ್ತಿಗೆ ಎಡೆ ಸಿದ್ಧವಾಯಿತು. ಹೊಸ ಪಂಚೆ, ಒಂದು ಕಟ್ಟು ಬೀಡಿ, ಅವನದೇ ತಟ್ಟೆಯಲ್ಲಿ ಮುದ್ದೆ, ಇಡೀ ಬಂಗುಡೆಯ ಸಾರು. ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಅತ್ತೆ ಸೆರಗಿನ ತುದಿಯನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಟಿಕ್.

ನಾನು ಅತ್ತೆಯ ಮುಖ ನೋಡಿದೆ. ಅವರು ಬೀದಿ ನೋಡುತ್ತಿದ್ದರು. ಕಿವಿ ಮಂದ. ಕೇಳಿಸಿರಲಿಲ್ಲ.

"ಸಾಕು ಕಣವ್ವಾ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ನೀನೇ ಓಗಿ ನೋಡು. ನಂಗೆ ಕಾಲು ಬತ್ತಿಲ್ಲ."

ಮಗಳನ್ನು ಅವರ ಮಡಿಲಿಗೆ ಸರಿಸಿ, ಕೆಮ್ಮಿ, ಬಾಗಿಲು ತೆಗೆದೆ. ದೀಪ ಉರಿಯುತ್ತಿತ್ತು. ಮುದ್ದೆ ಇಟ್ಟ ಹಾಗೇ ಇತ್ತು. ಬಂಗುಡೆಯ ತೊಗಲು ಕೂಡ ಹರಿದಿರಲಿಲ್ಲ. ತಟ್ಟೆಯ ಅಂಚಿನಲ್ಲಿ ಮಾತ್ರ ಒಂದು ಮುಳ್ಳು ಇತ್ತು. ಸಣ್ಣದು, ಒದ್ದೆ, ಚೀಪಿ ಚೊಕ್ಕ ಮಾಡಿದ್ದು. ತುದಿ ಕವೆಯ ಹಾಗೆ ಎರಡಾಗಿ ಸೀಳಿತ್ತು.

ಮದುವೆಯಾದ ಹೊಸದರಲ್ಲಿ ಮನೋಹರ ಅಂಥದ್ದನ್ನು ನಾಲಿಗೆಯಲ್ಲೇ ಬಿಡಿಸಿ ನನಗೆ ತೋರಿಸಿದ್ದ. "ಇದು ಕವೆಮುಳ್ಳು ಕಣೇ ಶೋಭಿ. ಕಾಟ್ಲಾದಲ್ಲಿ ಇರ್ತದೆ, ಬಂಗುಡೇಲಿ ಉಡುಕುದ್ರೂ ಸಿಗಲ್ಲ." ಆಮೇಲೆ ತಟ್ಟೆಯ ಅಂಚಿಗೆ ಇಟ್ಟಿದ್ದ. ಟಿಕ್ ಎಂದಿತ್ತು.

ಅವನು ಬಂದಿದ್ದ. ನಮ್ಮ ಎಡೆ ಮುಟ್ಟಿರಲಿಲ್ಲ. ಅವನ ಊಟ ಬೇರೆ ಕಡೆ ಆಗಿತ್ತು.

ಹೊರಗಿನಿಂದ ಅತ್ತೆ ಕೇಳಿದರು, "ಉಂಡವ್ನಾ?"

ಇಲ್ಲ ಎಂದರೆ ಆ ಬಾಗಿಲು ಇನ್ನು ಅವರ ಜೀವ ಇರುವವರೆಗೆ ತೆರೆದೇ ಇರುತ್ತದೆ. ಮುಳ್ಳನ್ನು ತೋರಿಸಿದರೆ ಆ ರಾತ್ರಿಯೇ ಅವರು ಮಗನನ್ನು ಹುಡುಕಿಕೊಂಡು ನೀರಿನ ಕಡೆ ನಡೆಯುತ್ತಾರೆ. ನಾನು ಮುಳ್ಳನ್ನು ಮುಷ್ಟಿಯೊಳಗೆ ಸೇರಿಸಿದೆ. ಇನ್ನೊಂದು ಕೈಯಿಂದ ಬಂಗುಡೆಯ ಬೆನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಮುದ್ದೆಯ ಒಂದು ಮಗ್ಗುಲು ಕಿತ್ತು ನುಂಗಿದೆ.

"ಉಂಡಿದ್ದಾರೆ ಅತ್ತೆ. ಬನ್ನಿ."

ಮಗಳನ್ನು ಎತ್ತಿ ತಂದು ಒಳಗೆ ಮಲಗಿಸಿದೆ. ಅತ್ತೆ ಬಂದು ಮುರಿದ ಮೀನನ್ನು ನೋಡುತ್ತಾ ನಿಂತರು. ಅಳಲಿಲ್ಲ. "ಬೆನ್ನಿನ್ ತಾವ್ಲೇ ಕಿತ್ತವ್ನೆ. ಯಾವಾಗ್ಲೂ ಅಂಗೇಯಾ," ಎಂದರು. ಆಮೇಲೆ ನಿಧಾನವಾಗಿ ಹೋಗಿ, ಎರಡು ವರ್ಷದಿಂದ ತುಕ್ಕು ಹಿಡಿದಿದ್ದ ಅಗುಳಿಯನ್ನು ಎರಡೂ ಕೈಯಲ್ಲಿ ನೂಕಿ ಹಾಕಿದರು.

ಆ ಸದ್ದಿಗೆ ಮಗಳು ಎಚ್ಚೆತ್ತಳು. "ಅಪ್ಪ ಬಂದಿದ್ರಾ?"

"ಬಂದು ಹೋದ್ರು. ಮಲಕ್ಕೋ."

ಎಲ್ಲರೂ ಮಲಗಿದ ಮೇಲೆ ಮುಷ್ಟಿ ಬಿಚ್ಚಿದೆ. ಮುಳ್ಳು ಅಂಗೈಯಲ್ಲಿ ಎರಡು ಚುಕ್ಕೆ ಊರಿತ್ತು. ಹಿನ್ನೀರಿಗೆ ಎಸೆಯೋಣವೆಂದರೆ ಅವನಿಗೇ ಹಿಂದಿರುಗಿಸಿದ ಹಾಗೆ. ಒಲೆಯ ಕೆಂಡದೊಳಗೆ ತಳ್ಳಿ, ಬೂದಿ ಎಳೆದೆ. ಅಗುಳಿ ಭದ್ರವಾಗಿದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿದೆ. ಅತ್ತೆಗೆ ಹೇಳುವುದಿಲ್ಲ, ಮಗಳು ದೊಡ್ಡವಳಾದರೂ ಹೇಳುವುದಿಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲಿ ನಿಂತೇ ತೀರ್ಮಾನಿಸಿದೆ.