ಇಪ್ಪತ್ತೊಂದನೆಯ ಪ್ರಶ್ನೆ

ಗೋಡೆಯಲ್ಲೊಂದು ಮೊಳೆಯ ತೂತು, ಹಿಂದೆ ಅಲ್ಲಿ ಕ್ಯಾಲೆಂಡರು ನೇತಾಡಿರಬೇಕು, ಅಥವಾ ಅಧ್ಯಕ್ಷರ ಫೋಟೋ, ನಾಲ್ಕು ವರ್ಷಕ್ಕೊಮ್ಮೆ ಮುಖ ಬದಲಾಯಿಸಿ ಬದಲಾಯಿಸಿ ಮೊಳೆ ಸಡಿಲಾಗಿ ಉದುರಿರಬೇಕು — ಅದನ್ನೇ ನೋಡ್ತಾ ಇರಿ ಮೇಡಂ, ಅಲ್ಲಾಡ್ಬೇಡಿ, ಹೌದು ಇಲ್ಲ ಅಷ್ಟೇ ಸಾಕು, ಎಂದು ಬೆನ್ನ ಹಿಂದೆ ಕೂತ ಕೀಟಿಂಗ್ ಹೇಳುತ್ತಾನೆ, ಲೊರೆಟಾಳ ತೋಳಿನ ಪಟ್ಟಿ ಉಬ್ಬುತ್ತದೆ, ಬಿ.ಪಿ. ನೋಡುವ ಪಟ್ಟಿಯೇ ಇದು, ಆದರೆ ಡಾಕ್ಟರು ಅರ್ಧ ನಿಮಿಷಕ್ಕೆ ಗಾಳಿ ಬಿಡುತ್ತಾರೆ, ಈ ಪುಣ್ಯಾತ್ಮ ಬಿಡುವುದಿಲ್ಲ, ಬೆರಳುಗಳು ಆಗಲೇ ಜೋಮು ಹಿಡಿದಿವೆ, ಎದೆಗೊಂದು ಹೊಟ್ಟೆಗೊಂದು ಕೊಳವೆ, ಕೂತ ಕುರ್ಚಿಯ ಮೆತ್ತೆಗೂ ಒಂದು ತಂತಿ, ಐವತ್ತಮೂರು ವರ್ಷದ ಹೆಂಗಸನ್ನು ಹೀಗೆ ಸುಳ್ಳು ಹಿಡಿಯುವ ಯಂತ್ರಕ್ಕೆ ಕಟ್ಟಿಹಾಕಿ, ಸಹಜವಾಗಿ ಉಸಿರಾಡಿ ಎನ್ನುತ್ತಾರೆ, ಸಹಜವಾಗಿಯಂತೆ. ನಿಮ್ಮ ಹೆಸರು ಲೊರೆಟಾ ಪ್ರೂಯಿಟ್. ಹೌದು. ಇವತ್ತು ಮಂಗಳವಾರ. ಹೌದು. ಪರದೇಶದವರಿಗೆ ಗುಟ್ಟಿನ ಕಾಗದ ಯಾವತ್ತಾದ್ರೂ ಕೊಟ್ಟಿದ್ದೀರಾ. ಇಲ್ಲ, ಇಲ್ಲ ಸ್ವಾಮಿ, ಮನೆಯ ಕರೆಂಟ್ ಬಿಲ್ಲನ್ನೂ ಚೂರು ಚೂರು ಮಾಡಿಯೇ ಕಸಕ್ಕೆ ಹಾಕುವವಳು ನಾನು, ಆದರೆ ಅಷ್ಟುದ್ದ ಹೇಳುವಂತಿಲ್ಲ, ಇಲ್ಲ ಎಂದರೆ ಸಾಕು.

ಇಪ್ಪತ್ತೆರಡು ವರ್ಷದಿಂದ ಅವಳ ಬಳಿ ಇರುವುದು ಇದೊಂದೇ, ಕ್ಲಿಯರೆನ್ಸು, ಸರ್ಕಾರದ ಅತಿ ಗುಟ್ಟಿನ ಕಾಗದಗಳನ್ನು ಇವಳು ನೋಡಬಹುದು ಎಂಬ ಒಪ್ಪಿಗೆ, ಐದು ವರ್ಷಕ್ಕೊಮ್ಮೆ ಹೊಸ ಫಾರಂ, ಹೊಸ ತನಿಖೆ, ಮತ್ತೆ ಈ ಕುರ್ಚಿ. ಶುಕ್ರವಾರ ಒಂದು ಕಂಪನಿಯ ಗುರುತಿನ ಚೀಟಿ ಕೊರಳಲ್ಲಿ, ಗುತ್ತಿಗೆ ಕೈ ಬದಲಾದರೆ ಸೋಮವಾರ ಇನ್ನೊಂದು ಕಂಪನಿಯದು, ಐದು ಸಲ ಹೀಗಾಯಿತು, ಕಿಟಕಿಯಿಲ್ಲದ ಅದೇ ಕೋಣೆ, ಅದೇ ಮೇಜು, ಕಾಫಿ ಚೆಲ್ಲಿದ ಅದೇ ಕಲೆ. ಕೆಲಸಕ್ಕೆ ಜನ ಹುಡುಕುವ ಏಜೆಂಟ್ ಫೋನ್ ಮಾಡಿದರೆ ಹೇಗಿದ್ದೀರಿ ಎಂದು ಕೂಡ ಕೇಳುವುದಿಲ್ಲ, ಕ್ಲಿಯರೆನ್ಸ್ ಜೀವಂತ ಇದೆಯಾ ಮೇಡಂ, ಯಂತ್ರದ ಪರೀಕ್ಷೆನೂ ಆಗಿದೆಯಾ, ಆಗಿದ್ರೆ ವರ್ಷಕ್ಕೆ ಇನ್ನೂ ಇಪ್ಪತ್ತೈದು ಸಾವಿರ ಡಾಲರು ಜಾಸ್ತಿ ಕೊಡಿಸ್ತೀನಿ — ಮಾಡುವುದಾದರೂ ಏನು, ಬಂದ ಕಾಗದ ಓದಿ, ವಿಂಗಡಿಸಿ, ಮೂರು ಸಾಲು ಬರೆದು ಮುಂದೆ ಕಳಿಸುವುದು, ಹೊರಗಡೆ ಇದೇ ಕೆಲಸಕ್ಕೆ ಅರ್ಧ ಸಂಬಳವೂ ಹುಟ್ಟುವುದಿಲ್ಲ, ಹೊರಗಡೆಯವರಿಗೆ ಹೇಳುವುದಾದರೂ ಏನನ್ನು, ಅರ್ಜಿಯಲ್ಲಿ ಇಪ್ಪತ್ತೆರಡು ವರ್ಷಕ್ಕೆ ನಾಲ್ಕೇ ಸಾಲು, ಉಳಿದದ್ದು ಹೇಳಿದರೆ ಜೈಲು. ನನ್ನ ಹೆಂಡ್ತಿ ಗೂಢಚಾರಿಣಿ ಕಣ್ರೋ, ದೇಶದ ಗುಟ್ಟೆಲ್ಲ ಅವಳ ತಲೇಲಿದೆ, ಕಾರಿನ ಕೀ ಎಲ್ಲಿಟ್ಟೆ ಅನ್ನೋದು ಮಾತ್ರ ನನ್ನನ್ನೇ ಕೇಳ್ಬೇಕು, ಎಂದು ಗ್ಲೆನ್ ಏಡಿ ಒಡೆಯುತ್ತ ಅಣ್ಣತಮ್ಮಂದಿರ ಮುಂದೆ ಹೇಳುವುದು, ಎಲ್ಲರೂ ನಗುವುದು, ಅವನ ಬೆರಳಿಗೆಲ್ಲ ಮಸಾಲೆಯ ಕೆಂಪು — ಬೇಡ, ಈಗ ಗ್ಲೆನ್ ಬೇಡ, ಗಂಡನ ಯೋಚನೆ ಬಂದರೆ ಉಸಿರು ಕೆಡುತ್ತದೆ, ಉಸಿರು ಕೆಟ್ಟರೆ ಯಂತ್ರ ಬರೆಯುವ ಗೆರೆ ಕೆಡುತ್ತದೆ, ತೂತನ್ನು ನೋಡು.

ಗೆರೆ ಕೆಟ್ಟರೆ ಅರ್ಲೀನಳ ಗತಿ. ಅರ್ಲೀನ್ ಪಕ್ಕದ ಮೇಜಿನವಳು, ಹದಿನಾರು ವರ್ಷ ಪಕ್ಕದಲ್ಲೇ ಇದ್ದಳು, ಒಂದು ಬೆಳಿಗ್ಗೆ ಇಬ್ಬರು ಬಂದು ಅವಳ ಕೊರಳಿನ ಗುರುತಿನ ಚೀಟಿ ತೆಗೆಸಿಕೊಂಡು ಬಾಗಿಲವರೆಗೆ ನಡೆಸಿಕೊಂಡು ಹೋದರು, ಸ್ವೆಟರು ಕುರ್ಚಿಯ ಬೆನ್ನಿಗೇ ಉಳಿಯಿತು, ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲೆಸುತ್ತಾಳೆ, ಗಂಟೆಗೆ ಹದಿನಾಲ್ಕು ಡಾಲರು, ಮೂಗಿನ ಮೇಲೊಂದು ಬಿಳಿ ಚುಕ್ಕೆ. ಯಾಕಂತೆ, ಯಾಕಂತೆ, ಎಂದು ಕ್ಯಾಂಟೀನಿನಲ್ಲಿ ಒಂದು ವಾರ ಅದೇ ಮಾತು, ಮನಸ್ಸಿನ ಡಾಕ್ಟ್ರ ಹತ್ರ ಹೋಗಿದ್ಲಂತೆ ಕಣ್ರೀ, ಫಾರಂನಲ್ಲಿ ಮನಸ್ಸಿಗೆ ಚಿಕಿತ್ಸೆ ತಗೊಂಡಿದ್ದೀರಾ ಅನ್ನೋ ಇಪ್ಪತ್ತೊಂದನೇ ಪ್ರಶ್ನೆಗೆ ಹೌದು ಅಂತ ಬರೆದ್ಲಂತೆ, ಅಷ್ಟೇ, ಕಥೆ ಮುಗೀತು, ಅಲ್ಲಿ ಹೌದು ಅಂದವರು ಯಾರೂ ಉಳಿದಿಲ್ಲ. ಯಾರು ಹೇಳಿದ್ದು, ಎಲ್ಲರೂ ಹೇಳಿದ್ದು. ಅಡುಗೆಮನೆಗೆ ಹಳದಿ ಬಣ್ಣ ತರಲು ಹೋದಾಗ ಅರ್ಲೀನಳೇ ಡಬ್ಬ ಕುಲುಕಿ ಕೊಟ್ಟಳು, ಹೇಗಿದ್ದೀಯೇ ರೆಟ್ಟಾ, ಗ್ಲೆನ್ ಆರಾಮಾ, ಎಂದಳು, ಅವಳನ್ನೇ ನೇರವಾಗಿ ಕೇಳಬಹುದಿತ್ತು, ನಿಜವಾಗ್ಲೂ ಏನಾಯ್ತೇ ಅಂತ ಒಂದೇ ಮಾತು, ಲೊರೆಟಾ ಕೇಳಲಿಲ್ಲ, ಕ್ಲಿಯರೆನ್ಸ್ ಕಳೆದುಕೊಂಡವಳ ಜೊತೆ ಹೆಚ್ಚು ಹೊತ್ತು ನಿಂತರೆ ಅದೂ ಅಂಟೀತು ಎಂಬ ಹಾಗೆ ಡಬ್ಬ ಹಿಡಿದು ಓಡಿಬಂದಳು.

ನಿಮ್ಮನ್ನ ನಂಬಿದವರಿಗೆ ಯಾವತ್ತಾದ್ರೂ ಸುಳ್ಳು ಹೇಳಿದ್ದೀರಾ. ಇಲ್ಲ. ಎಂದ ಕೂಡಲೇ ಎದೆಯೊಳಗೆ ಏನೋ ಮಗುಚಿತು, ಅವಳಿಗೇ ಗೊತ್ತಾಯಿತು, ಕೊಳವೆಗೂ ಗೊತ್ತಾಗಿರಬೇಕು, ಹಿಂದೆ ಕೀಟಿಂಗನ ಕುರ್ಚಿ ಕಿರ್ರೆಂದಿತು, ಪಟ್ಟಿಯ ಗಾಳಿ ಬಿಟ್ಟ, ಎದ್ದು ಮುಂದೆ ಬಂದು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಮೇಡಂ, ಆ ಪ್ರಶ್ನೆ ಬಂದಾಗ ನಿಮ್ಮ ತಲೇಲಿ ಏನೋ ಬಂತು, ಏನದು. ಏನಿಲ್ಲ. ಏನೋ ಇದೆ ಮೇಡಂ, ಅವಸರ ಇಲ್ಲ, ನೀರು ಕುಡೀರಿ. ಒಳ್ಳೆಯವನ ಹಾಗೆಯೇ ಕಾಣುತ್ತಾನೆ, ಹಾಗೆ ಕಾಣುವುದಕ್ಕೇ ಸಂಬಳ. ಏನು ಬಂತು ಎಂದರೆ — ಅಂಗಿ ಬಂತು. ಗ್ಲೆನ್‌ನ ನೀಲಿ ಗೆರೆಯ ಅಂಗಿ, ಇಸ್ತ್ರಿ ಮಾಡಿದ್ದು, ಅವನೇ ಮಾಡಿಕೊಂಡದ್ದು, ತೋಳಿನಲ್ಲಿ ಎರಡೆರಡು ಮಡಿಕೆ, ಆ ಬೆಳಿಗ್ಗೆ ಮಲಗುವ ಕೋಣೆಯಲ್ಲಿ, ಗುಂಡಿ — ಅಲ್ಲಿಗೆ ಹೋಗಬೇಡ. ಉಕ್ಕಿನ ಕಾರ್ಖಾನೆ ಮುಚ್ಚಿ ಮೂರು ವರ್ಷ, ಇಪ್ಪತ್ತೇಳು ವರ್ಷ ಕುಲುಮೆಯ ಮುಂದೆ ನಿಂತ ಗಂಡಸು, ಮೊದಲು ಅರ್ಜಿ ಹಾಕಿದ, ಆಮೇಲೆ ಮೀನು ಹಿಡಿಯಲು ಹೋದ, ಆಮೇಲೆ ಮನೆ ಮುಂದೆ ನಿಲ್ಲಿಸಿದ ಟ್ರಕ್ಕಿನೊಳಗೆ ಸುಮ್ಮನೆ ಕೂರತೊಡಗಿದ, ಇಂಜಿನ್ ಆರಿಸಿಕೊಂಡು, ಸ್ಟೇರಿಂಗ್ ಹಿಡಿದುಕೊಂಡು, ಊಟಕ್ಕೆ ಕರೆದರೆ ಬರುತ್ತೀನಿ ಹೋಗು ಎನ್ನುವುದು. ಹೋದ ವರ್ಷ ಜೂನ್‌ನಲ್ಲಿ ಒಂದು ದಿನ ಅವನೇ ಹೇಳಿದ, ರೆಟ್ಟಾ, ಪಾದ್ರಿಗಳು ಒಬ್ಬರ ನಂಬರ್ ಕೊಟ್ರು, ಮಾತಾಡಿಸ್ತಾರಂತೆ, ಮನಸ್ಸಿಗೆ, ಫೋನ್ ಮಾಡ್ದೆ, ನಾಳೆ ಹತ್ತು ಗಂಟೆಗೆ ಬನ್ನಿ ಅಂದ್ರು, ಹೆಂಡ್ತೀನೂ ಕರ್ಕೊಂಡು ಬನ್ನಿ ಅಂದ್ರು, ಬರ್ತೀಯೇನೇ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಗ್ಲೆನ್ ಅವಳ ಮುಂದೆ ಇಷ್ಟು ಕಷ್ಟಪಟ್ಟು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬರ್ತೀನಿ, ಎಂದಳು. ಬರ್ತೀನಿ ಎಂದೇ ಹೇಳಿದಳು, ಅದೇ ಸುಳ್ಳು, ಯಂತ್ರ ಹಿಡಿದದ್ದು ಅದನ್ನೇ.

ರಾತ್ರಿಯೆಲ್ಲ ಲೆಕ್ಕ ಹಾಕಿದಳಲ್ಲ, ಮೇ ತಿಂಗಳಲ್ಲಷ್ಟೇ ಫಾರಂ ಕೊಟ್ಟಿದ್ದಾಳೆ, ತನಿಖೆ ಶುರುವಾಗಿದೆ, ಆರೋಗ್ಯ ವಿಮೆ ತನ್ನ ಹೆಸರಿನಲ್ಲಿ, ಗ್ಲೆನ್ ಒಬ್ಬನೇ ಹೋದರೂ ಡಾಕ್ಟರ ಬಿಲ್ಲು ಬರುವುದು ತನ್ನ ಹೆಸರಿಗೆ, ತಾನೂ ಜೊತೆಗೆ ಕೂತರೆ ಇಪ್ಪತ್ತೊಂದಕ್ಕೆ ಹೌದು ಅನ್ನಬೇಕು, ಹೌದು ಅಂದರೆ ಬಣ್ಣದ ಡಬ್ಬ, ಮನೆಯಲ್ಲಿ ಒಂದೇ ಸಂಬಳ. ಬೆಳಿಗ್ಗೆ ಅವನು ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಹೇಳಿದಳು, ಗ್ಲೆನ್, ಇವತ್ತು ಬೇಡ ಕಣೋ, ಅಕ್ಟೋಬರ್‌ಗೆ ನನ್ನ ತನಿಖೆ ಮುಗಿಯುತ್ತೆ, ಆಮೇಲೆ ಇಬ್ಬರೂ ಹೋಗೋಣ, ಈಗ ಹೋದ್ರೆ ಕೆಲ್ಸ ಹೋಗುತ್ತೆ, ಅಲ್ಲೀತನಕ ತಡ್ಕೊ. ಬೈದಿದ್ದರೆ ಚೆನ್ನಾಗಿತ್ತು, ನಿನ್ನ ಸರ್ಕಾರಕ್ಕೆ ಬೆಂಕಿ ಬೀಳ್ಲಿ ಎಂದಿದ್ದರೆ ಅವಳೂ ಕೂಗಾಡಿ ಕೊನೆಗೆ ಅತ್ತು ಜೊತೆಗೆ ಹೋಗಿಬಿಡುತ್ತಿದ್ದಳು, ಅವನು ಸುಮ್ಮನೆ ತಲೆಯಾಡಿಸಿ ಕೊರಳ ಗುಂಡಿಗೆ ಕೈ ಹಾಕಿದ — ಬೇಡ. ಅಕ್ಟೋಬರ್ ಬಂತು, ತನಿಖೆಯವರ ಬಳಿ ಫೈಲುಗಳು ಬೆಟ್ಟದಷ್ಟಿವೆ, ಡಿಸೆಂಬರ್ ಅಂದರು, ಡಿಸೆಂಬರ್‌ನಲ್ಲಿ ವಸಂತಕ್ಕೆ ಅಂದರು, ಮಾರ್ಚ್‌ನಲ್ಲಿ ಹಳೇ ಕಾರ್ಖಾನೆಯ ಹಿಂದೆ ನೀರಿನ ದಂಡೆಯಲ್ಲಿ ಗ್ಲೆನ್‌ನ ಟ್ರಕ್ಕು ಸಿಕ್ಕಿತು, ಎರಡು ದಿನ ಬಿಟ್ಟು ನೀರಿನಲ್ಲಿ ಗ್ಲೆನ್ ಸಿಕ್ಕ. ಟ್ರಕ್ಕು ಸಿಕ್ಕ ದಿನ ಪೊಲೀಸರು ಏಳು ಸಲ ಫೋನ್ ಮಾಡಿದ್ದರಂತೆ, ಫೋನು ಒಳಗೆ ಒಯ್ಯುವಂತಿಲ್ಲ, ಬಾಗಿಲಾಚೆಯ ಪುಟ್ಟ ಕಪಾಟಿನಲ್ಲಿ ಬಿದ್ದುಕೊಂಡಿತ್ತು, ಅವಳು ಒಳಗೆ ಕಾಗದ ವಿಂಗಡಿಸುತ್ತಿದ್ದಳು.

ಹೇಳಿಬಿಟ್ಟಳು. ಹೇಗೆ ಹೇಳಿದಳೋ, ಮೂಗು ಒರೆಸಿಕೊಳ್ಳಲು ಒಂದು ಕೈಯಷ್ಟೇ ಬಿಡುವು, ಇನ್ನೊಂದಕ್ಕೆ ತಂತಿ, ನನ್ನ ಗಂಡನಿಗೆ ಹುಷಾರಿರಲಿಲ್ಲ, ಮನಸ್ಸಿಗೆ, ನಾನೇ ಡಾಕ್ಟ್ರ ಹತ್ರ ಹೋಗೋಕೆ ಬಿಡಲಿಲ್ಲ, ನಿಮ್ಮಿಂದ ಮುಚ್ಚಿಡೋಕೆ ಅಂತ, ಅದೇ ನಾನು ಮುಚ್ಚಿಟ್ಟಿದ್ದು, ಬರ್ಕೊಳ್ಳಿ, ಕೆಲಸ ತೆಗೀತೀರಾ ತೆಗೀರಿ. ಕೀಟಿಂಗ್ ಬರೆದುಕೊಳ್ಳಲಿಲ್ಲ. ಲೇಖನಿಯನ್ನು ಮೇಜಿನ ಮೇಲಿಟ್ಟ. ಮೇಡಂ, ಗಂಡನ ಚಿಕಿತ್ಸೆ ವಿಷಯ ನಾವು ಕೇಳೋದೇ ಇಲ್ಲ, ಎಂದ. ನಾನೂ ಜೊತೆಗೆ ಹೋಗ್ಬೇಕಿತ್ತು, ಎಂದಳು. ಹೋಗಬಹುದಿತ್ತು ಮೇಡಂ, ಮನೆ ಕಷ್ಟಕ್ಕೆ, ಸಂಸಾರದ ವಿಷಯಕ್ಕೆ, ಯಾರಾದ್ರೂ ತೀರಿಕೊಂಡ ದುಃಖಕ್ಕೆ ಯಾರ ಹತ್ರ ಹೋದ್ರೂ ಬರೆಯೋ ಹಾಗೇ ಇಲ್ಲ, ಎಂದು ಅವಳದೇ ಫಾರಂ ತೆಗೆದು, ಪುಟ ಮಗುಚಿ, ಅವಳ ಕಡೆ ತಿರುಗಿಸಿ ಬೆರಳಿಟ್ಟ, ಇಪ್ಪತ್ತೊಂದು, ಪ್ರಶ್ನೆಯ ಕೆಳಗೇ ಎರಡು ಸಾಲು, ಚಿಕ್ಕ ಅಕ್ಷರವೂ ಅಲ್ಲ, ಕನ್ನಡಕವಿಲ್ಲದೆ ಓದಬಹುದು. ಇಂಥವಕ್ಕೆ ಸಲಹೆ ಪಡೆದಿದ್ದರೆ ಇಲ್ಲ ಎಂದೇ ಉತ್ತರಿಸಿ. ಹೋದ ಸಲದ ಫಾರಂನಲ್ಲೂ ಇತ್ತಾ, ಎಂದಳು. ಇತ್ತು ಮೇಡಂ. ದೇಶದ ಗುಟ್ಟಿನ ಕಾಗದಗಳನ್ನು ಸಾಲು ಬಿಡದೆ ಓದುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ಇಪ್ಪತ್ತೊಂದು ಬಂದ ಕೂಡಲೇ ಕಣ್ಣು ಮುಚ್ಚಿದವಳ ಹಾಗೆ ಇಲ್ಲ ಎಂದು ಗುರುತು ಹಾಕಿ ಪುಟ ಮಗುಚಿದ್ದಳು. ಹಾಗಾದ್ರೆ ಅರ್ಲೀನ್, ಎನ್ನಬೇಕೆನಿಸಿತು, ಅರ್ಲೀನಳದು ಬೇರೆ ಏನೋ ಇದ್ದಿರಬೇಕು, ಇನ್ನು ಅದನ್ನು ತಿಳಿದುಕೊಂಡು ಆಗಬೇಕಾದದ್ದೇನು. ಪಾಪ, ಬಹಳ ಜನ ಹೀಗೇ ಅಂದ್ಕೊಂಡಿರ್ತಾರೆ ಮೇಡಂ, ಎಂದ ಕೀಟಿಂಗ್, ಅವನ ದನಿ ನಿಜವಾಗಿಯೇ ಮೆತ್ತಗಾಗಿತ್ತು, ಅದನ್ನು ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

ಇನ್ನೊಂದು ಸಲ ಮಾಡಿ ಮುಗಿಸಿಬಿಡೋಣ, ಎಂದು ಹಿಂದೆ ಹೋಗಿ ಕೂತ, ಪಟ್ಟಿ ಮತ್ತೆ ಉಬ್ಬಿತು, ಇವತ್ತು ಮಂಗಳವಾರ, ಹೌದು, ಪರದೇಶದವರಿಗೆ, ಇಲ್ಲ, ಈಗ ನನಗೆ ಹೇಳಿದ್ದನ್ನ ಬಿಟ್ಟು, ನಿಮ್ಮನ್ನ ನಂಬಿದವರಿಗೆ ಬೇರೇನಾದ್ರೂ ಸುಳ್ಳು ಹೇಳಿದ್ದೀರಾ. ಗ್ಲೆನ್‌ನನ್ನು ಬಿಟ್ಟು. ಗ್ಲೆನ್‌ನನ್ನು ಬಿಟ್ಟರೆ ಅವಳಲ್ಲಿ ಇನ್ನೇನಿದೆ, ಇಲ್ಲ, ಎಂದಳು, ಎದೆ ಮಗುಚಲಿಲ್ಲ, ಏನೂ ಆಗಲಿಲ್ಲ, ಒಳಗೆ ಕೆರೆ ಬತ್ತಿದ ಹಾಗೆ. ಚೆನ್ನಾಗಿದೆ ಮೇಡಂ, ಎಲ್ಲ ನೇರವಾಗಿದೆ, ನನಗೇನೂ ತೊಂದ್ರೆ ಕಾಣಿಸ್ತಿಲ್ಲ, ಇನ್ನೈದು ವರ್ಷ ನಿಶ್ಚಿಂತೆ, ಎನ್ನುತ್ತ ಅವನು ತೋಳಿನ ಪಟ್ಟಿ ಬಿಚ್ಚುತ್ತಾನೆ, ಕೊಳವೆ ಬಿಚ್ಚುತ್ತಾನೆ, ಇನ್ನು ಏಳಬಹುದು ಮೇಡಂ, ಏಜೆಂಟನಿಗೆ ಫೋನ್ ಮಾಡಬಹುದು, ಜೀವಂತ ಇದೆ ಎನ್ನಬಹುದು, ಇಪ್ಪತ್ತೈದು ಸಾವಿರ ಜಾಸ್ತಿ, ಏಳಬಹುದು ಮೇಡಂ, ಮೇಡಂ, ಮಲಗುವ ಕೋಣೆಯಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಯ ಬಿಸಿಲು, ಗ್ಲೆನ್ ಕೊರಳಿನ ಗುಂಡಿಯಿಂದ ಶುರುಮಾಡಿ ಒಂದೊಂದಾಗಿ ಬಿಚ್ಚುತ್ತಾನೆ, ಅಂಗಿ ಕಳಚಿ ಹ್ಯಾಂಗರಿಗೆ ಹಾಕುತ್ತಾನೆ, ಕಪಾಟಿನಲ್ಲಿ ತೂಗುಹಾಕಿ, ಬನಿಯನ್ನಿನಲ್ಲೇ ನಿಂತು, ಕುಲುಮೆಯಲ್ಲಿ ದಪ್ಪಗಾದ ಬೆರಳುಗಳಿಂದ ತೂಗುವ ಆ ಅಂಗಿಯ ಕೆಳಗಿನ ಗುಂಡಿ ಹಾಕುತ್ತಾನೆ, ಅದರ ಮೇಲಿನದು, ಅದರ ಮೇಲಿನದು, ಏನು ಮಾಡ್ತಿದ್ದೀಯೋ ಎಂದು ಅವಳು ಕೇಳುತ್ತಾಳೆ, ಅಕ್ಟೋಬರ್‌ಗೆ ಬೇಕಾಗುತ್ತಲ್ಲ ಕಣೇ, ಇಸ್ತ್ರಿ ಕೆಡಬಾರ್ದು, ಎನ್ನುತ್ತಾನೆ, ಕೊರಳಿನ ಗುಂಡಿಯನ್ನೂ ಹಾಕುತ್ತಾನೆ